‘ಚಾರ್ಜ್ ನಿಲ್ಲುತ್ತಿಲ್ಲ’ ಎಂದರೆ ಏನು?

ಕಾರಿನ ‘ಬ್ಯಾಟರಿಯಲ್ಲಿ ಚಾರ್ಜ್ ನಿಲ್ಲುತ್ತಿಲ್ಲ’ ಎಂದರೆ ನಿಮಗೆ ಏನು ಹೊಳೆಯುತ್ತದೆ? ತುಂಬಿದ್ದು ಉಳಿಯದೆ ಸೋರಿಹೋಗುತ್ತಿದೆ ಎಂದೋ, ತುಂಬಿದ ಮೇಲೂ ಚಾರ್ಜ್ ಆಗುತ್ತಲೇ ಇದೆ ಎಂದೋ?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿರುವ ಗದಗದ ಗೆಳೆಯರೊಬ್ಬರು ತಮ್ಮ ಹಳೆಯ ಕಾರಿನಲ್ಲಿ ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರನ್ನು ತಾವೇ ಬಿಚ್ಚಿ, ಬೇರಿಂಗ್ ಬದಲಿಸಿ ಕೂರಿಸಿದರು. ಆಮೇಲೆ ಬೆಳಗಾದರೆ ಸೆಲ್ಫ್ ತಿರುಗದು. ಹುಬ್ಬಳ್ಳಿಯಲ್ಲಿ ಗ್ಯಾರೇಜ್ ನಡೆಸುವ ಅಕ್ಕನ ಗಂಡನಿಗೆ ಫೋನ್ ಮಾಡಿ, ‘ಮಾಮಾ, ಚಾರ್ಜ್ ನಿಲ್ಲುತ್ತಿಲ್ಲ’ ಎಂದರು. ‘ಹಾಗಾದರೆ ರೆಗ್ಯುಲೇಟರ್ ಕೆಟ್ಟಿದೆ, ವೋಲ್ಟೇಜ್ 15 ದಾಟುತ್ತಿದೆಯೇ ನೋಡು’ ಎಂದು ಆ ಕಡೆಯಿಂದ ಉತ್ತರ ಬಂತು. ರೆಗ್ಯುಲೇಟರ್ ಎಂದರೆ ಚಾರ್ಜ್ ಮಿತಿಮೀರದಂತೆ ತಡೆಯುವ ಭಾಗ. ಇವರು ಹೇಳಿದ್ದೊಂದು, ಅವರು ಕೇಳಿಸಿಕೊಂಡದ್ದು ಅದರ ತದ್ವಿರುದ್ಧ.

ಮೀಟರ್ ಹಿಡಿದಾಗ ಇಬ್ಬರ ಅರ್ಥವೂ ಸುಳ್ಳಾಯಿತು. ಎಂಜಿನ್ ಆರಿಸಿದ್ದಾಗ 12.1 ವೋಲ್ಟ್ ಇತ್ತು. ಓಡುವಾಗ ಅದು ಸುಮಾರು 13.8ರಿಂದ 14.5ಕ್ಕೆ ಏರಬೇಕು, ಏರಲೇ ಇಲ್ಲ. ಅಂದರೆ ಚಾರ್ಜ್ ಆಗುತ್ತಲೇ ಇರಲಿಲ್ಲ. ಸುಳಿವು ಕೊಟ್ಟದ್ದು ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ. ಕೀಲಿ ತಿರುಗಿಸಿದೊಡನೆ ಅದು ಹೊತ್ತಿಕೊಳ್ಳಬೇಕು, ಎಂಜಿನ್ ಓಡತೊಡಗಿದಾಗ ಆರಬೇಕು. ಇಲ್ಲಿ ಹೊತ್ತಿಕೊಳ್ಳುತ್ತಲೇ ಇರಲಿಲ್ಲ. ಹಳೆಯ ಬಗೆಯ ಅನೇಕ ಕಾರುಗಳಲ್ಲಿ ಆಲ್ಟರ್ನೇಟರನ್ನು ಎಬ್ಬಿಸುವ ಮೊದಲ ಕರೆಂಟು ಆ ದೀಪದ ಮೂಲಕವೇ ಹೋಗುತ್ತದೆ. ಆಲ್ಟರ್ನೇಟರಿನ ದಪ್ಪ ತಂತಿಯ ನಟ್ಟು ಬಿಗಿಯಾಗಿಯೇ ಇತ್ತು. ದೀಪದ ತಂತಿ ಬರುವ ಪಕ್ಕದ ಸಣ್ಣ ಪ್ಲಗ್ಗು ಮಾತ್ರ ಪೂರ್ತಿ ಕೂತಿರಲಿಲ್ಲ. ಒತ್ತಿದಾಗ ಟಕ್ಕೆಂದಿತು, ದೀಪ ಬಂತು.

ಕಾರು ಸರಿಹೋಯಿತು, ‘ನಿಲ್ಲು’ ಸರಿಹೋಗಿಲ್ಲ. ‘ಮಳೆ ನಿಂತರೂ ಹಿಂದ್‌ಮಾತಾದಲ್ಲಿ ನೀರು ನಿಂತಿದೆ’ ಎಂದು, ಮುಂಬೈಯ ಆ ತಗ್ಗು ಜಾಗದ ಬಗ್ಗೆ, ಜುಲೈ ತಿಂಗಳಲ್ಲಿ ಇಲ್ಲಿ ಯಾರು ಬೇಕಾದರೂ ಹೇಳಿಯಾರು. ಮೊದಲನೆಯದು ಮುಗಿಯಿತು ಎಂದು, ಎರಡನೆಯದು ಉಳಿಯಿತು ಎಂದು. ಕೇಳುವವರಿಗೆ ಗೊಂದಲವೇ ಇಲ್ಲ. ನಡೆಯುತ್ತಿರುವ ಕ್ರಿಯೆ ನಿಂತರೆ ಮುಗಿಯುತ್ತದೆ, ವಸ್ತು ನಿಂತರೆ ಉಳಿಯುತ್ತದೆ ಎಂಬುದು ನನ್ನ ಊಹೆ. ‘ಚಾರ್ಜ್’ ಎಂಬುದನ್ನು ನಾವು ತುಂಬುವ ಕ್ರಿಯೆಗೂ ತುಂಬಿದ ಸರಕಿಗೂ ಬಳಸುವುದರಿಂದ ಎರಡು ಅರ್ಥವೂ ಒಳಗೆ ನುಸುಳುತ್ತವೆ.

ಇಲ್ಲಿನ ಮರಾಠಿ ಮೆಕ್ಯಾನಿಕ್‌ಗಳಿಗೆ ಈ ತೊಡಕಿಲ್ಲ. ಆಗದಿದ್ದರೆ ‘ಹೋತ್ ನಾಹೀ’, ಉಳಿಯದಿದ್ದರೆ ‘ಟಿಕತ್ ನಾಹೀ’. ‘ಧರತ್ ನಾಹೀ’ ಎಂಬುದೂ ಇದೆ, ನಮ್ಮ ‘ಹಿಡಿಯುತ್ತಿಲ್ಲ’ದ ಹಾಗೆ. ಆದರೆ ‘ಹಿಡಿ’ಯನ್ನು ನಂಬುವುದು ಕಷ್ಟ: ಬಟ್ಟೆಗೆ ಬಣ್ಣ ಹಿಡಿಯುವುದೆಂದರೆ ಒಳಗೆ ಇಳಿಯುವುದು, ಕೊಡ ಎರಡು ಬಿಂದಿಗೆ ನೀರು ಹಿಡಿಯುವುದೆಂದರೆ ಅಷ್ಟು ಜಾಗವಿರುವುದು. ಫಲಕಗಳಿಗೆ ಸಲ್ಫೇಟ್ ಕಟ್ಟಿದ ಮುದಿ ಬ್ಯಾಟರಿಗೆ ಎರಡೂ ಒಪ್ಪುತ್ತವೆ, ಏಕೆಂದರೆ ಅದು ಚಾರ್ಜನ್ನು ಸರಿಯಾಗಿ ಒಳಕ್ಕೆ ತೆಗೆದುಕೊಳ್ಳುವುದೂ ಇಲ್ಲ, ಮೊದಲಿನಷ್ಟು ತುಂಬಿಕೊಳ್ಳುವುದೂ ಇಲ್ಲ.

ನಿಲ್ಲಿಸಿದ ಕಾರಿನಲ್ಲಿ ಯಾವುದೋ ದೀಪ ರಾತ್ರಿಯಿಡೀ ಕರೆಂಟು ಹೀರುತ್ತಿದ್ದರೆ ನಾನು ‘ಚಾರ್ಜ್ ಇಳಿಯುತ್ತಿದೆ’ ಎನ್ನುತ್ತೇನೆ. ‘ಉಳಿಯುತ್ತಿಲ್ಲ’ ನನ್ನ ಕಿವಿಗೆ ಸ್ವಲ್ಪ ಪುಸ್ತಕದ ಮಾತು. ನಿಮ್ಮ ಕಡೆಯ ಗ್ಯಾರೇಜುಗಳಲ್ಲಿ ಏನೆನ್ನುತ್ತಾರೆ? ಮೈಸೂರು, ಮಂಗಳೂರು, ಕಲಬುರಗಿಯವರು ‘ನಿಲ್ಲುತ್ತಿಲ್ಲ’ ಎಂಬುದನ್ನು ಗದಗದವರಂತೆ ಕೇಳಿಸಿಕೊಳ್ಳುತ್ತೀರೋ, ಹುಬ್ಬಳ್ಳಿಯ ಮಾಮಾನಂತೆಯೋ?