ಹೆರಿಗೆ, ಶೇರು, ನೀರು: ಮೂರಕ್ಕೂ ಒಂದೇ ಗಣಿತನಾ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ):
ಮೇಡಂ, ಗಣಿತದಲ್ಲಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಪಿಎಚ್.ಡಿ.ಗೆ ಮೂರು ದಾರಿ ಕಾಣುತ್ತಿವೆ: ಹಣಕಾಸಿನ ಗಣಿತ, ದ್ರವಗಳ ಹರಿವು, ತಾಯಂದಿರ ಆರೋಗ್ಯದ ಅಂಕಿಅಂಶ. ಅಪ್ಪ ಫೈನಾನ್ಸ್ ಹಿಡಿ ಅಂತಾರೆ. ಸೀನಿಯರ್ ಒಬ್ಬರು "ಮೂರರಲ್ಲೂ ಅದೇ ಸಮೀಕರಣ, ಯಾವುದಾದ್ರೂ ತಗೋ" ಅಂದರು. ಹೌದಾ? ನೀವು ಆಸ್ಪತ್ರೆಯ ಸಂಶೋಧನೆಗಳಲ್ಲಿ ಅಂಕಿಅಂಶ ನೋಡುವವರು, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ:
ನಿಮ್ಮ ಸೀನಿಯರ್ ಹೇಳಿದ್ದು ಅರ್ಧ ನಿಜ. ಆ ಅರ್ಧ ಚೆನ್ನಾಗಿದೆ, ಮೊದಲು ಅದನ್ನೇ ಹೇಳುತ್ತೇನೆ.

1900ರಲ್ಲಿ ಪ್ಯಾರಿಸಿನಲ್ಲಿ ಲೂಯಿ ಬಾಶೆಲಿಯೆ ಅನ್ನುವವರು ಬೆಲೆಗಳ ಏರಿಳಿತದ ಮೇಲೆ ಪ್ರಬಂಧ ಬರೆದರು. ಬೆಲೆ ಗೊತ್ತುಗುರಿಯಿಲ್ಲದೆ ಸಣ್ಣ ಸಣ್ಣ ಹೆಜ್ಜೆ ಇಡುತ್ತದೆ ಅಂದುಕೊಂಡು ಲೆಕ್ಕ ಹಾಕಿದರು. ನೀರಿನಲ್ಲಿ ತೇಲುವ ಕಣಗಳ ಓಲಾಟಕ್ಕೆ ಐನ್‌ಸ್ಟೈನ್ ಅದೇ ಥರದ ಗಣಿತ ಕೊಟ್ಟದ್ದು 1905ರಲ್ಲಿ. ಅಂದರೆ ಶೇರುಪೇಟೆ ಭೌತಶಾಸ್ತ್ರಕ್ಕಿಂತ ಐದು ವರ್ಷ ಮುಂದಿತ್ತು! ಶೇರುಪೇಟೆಯಲ್ಲಿ ಆಪ್ಷನ್‌ಗಳ ಬೆಲೆ ಕಟ್ಟುವ 1973ರ ಬ್ಲ್ಯಾಕ್-ಶೋಲ್ಸ್ ಸಮೀಕರಣದಲ್ಲಿ ಚರಾಕ್ಷರಗಳನ್ನು ಸ್ವಲ್ಪ ಬದಲಿಸಿ ನೋಡಿ, ಕಬ್ಬಿಣದ ಸರಳಿನಲ್ಲಿ ಶಾಖ ಹರಡುವ ಸಮೀಕರಣವೇ ಕೈಗೆ ಬರುತ್ತದೆ.

ಇನ್ನು ಉಳಿದರ್ಧ. 1996ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಬಂತು. ವಿದೇಶಿ ಹಣದ ಪೇಟೆಯ ಏರಿಳಿತ, ಸುಳಿ ಎದ್ದ ನೀರಿನ ಹರಿವಿನಂತೆಯೇ ಇದೆ ಅಂತ. ಗ್ರಾಫುಗಳು ನಿಜಕ್ಕೂ ಅವಳಿಜವಳಿ. ಅದೇ ವರ್ಷ ಭೌತವಿಜ್ಞಾನಿಗಳಾದ ಮಾಂಟೆಗ್ನಾ ಮತ್ತು ಸ್ಟ್ಯಾನ್ಲಿ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು: ಹೋಲಿಕೆ ಇದೆ, ಆದರೆ ಒಳಗೆ ಇಳಿದರೆ ಎರಡೂ ಬೇರೆ. ಸುಳಿಯಲ್ಲಿ ಈಗಿನ ವೇಗಕ್ಕೂ ಮುಂದಿನ ವೇಗಕ್ಕೂ ಒಂದು ನಂಟು ಇರುತ್ತದೆ. ಪೇಟೆಯಲ್ಲಿ ಈ ಗಳಿಗೆಯ ಏರಿಕೆ ಮುಂದಿನ ಗಳಿಗೆಗೆ ಹೆಚ್ಚುಕಡಿಮೆ ಏನನ್ನೂ ಹೇಳುವುದಿಲ್ಲ. ನನಗೆ ಈ ಉತ್ತರವೇ ಸರಿ ಅನಿಸುತ್ತದೆ. ನೀರಿಗೆ ನ್ಯೂಟನ್ನನ ನಿಯಮ ಇದೆ. ಪೇಟೆಗೆ ಇರುವುದು ಜನರ ಭಯ ಮತ್ತು ಆಸೆ.

ತಾಯಂದಿರ ಆರೋಗ್ಯಕ್ಕೂ ಹರಿವಿಗೂ ನಂಟು ಇದೆಯಾ? ಇದೆ, ಮಾಸಿನ ಹತ್ತಿರವೇ. ಬಸಿರಿನಲ್ಲಿ ಗರ್ಭಕೋಶದ ಸುರುಳಿ ರಕ್ತನಾಳಗಳ ಬಾಯಿ ಅಗಲವಾಗುತ್ತದೆ. ಆಗ ರಕ್ತ ನಿಧಾನವಾಗಿ ಮಾಸಿನೊಳಗೆ ಬರುತ್ತದೆ. ಬಾಯಿ ಅಗಲವಾಗದೆ ಉಳಿದರೆ, ಪೈಪಿನ ತುದಿಗೆ ಹೆಬ್ಬೆರಳು ಒತ್ತಿ ಹಿಡಿದಂತೆ ರಕ್ತ ರಭಸದಿಂದ ಚಿಮ್ಮುತ್ತದೆ. ಒಳಗಿನ ಮೆತ್ತನೆಯ ಎಳೆಗಳಿಗೆ ಪೆಟ್ಟಾಗುತ್ತದೆ. ಬಸಿರಿನ ಬಿಪಿ ತೊಂದರೆಯ ಸಂಶೋಧನೆಯಲ್ಲಿ ಇದು ದೊಡ್ಡ ವಿಷಯ. ದ್ರವದ ಗಣಿತ ಬಲ್ಲವರಿಗೆ ಇಲ್ಲಿ ಕೈತುಂಬಾ ಕೆಲಸ ಇದೆ.

ಆದರೆ ಯಾವ ಸಮೀಕರಣಕ್ಕೂ ಮೊದಲು ನಾನು ಕೇಳುವ ಪ್ರಶ್ನೆ ಒಂದೇ. ಈ ಸಂಖ್ಯೆಯನ್ನು ಯಾರು ಅಳೆದರು, ಯಾವುದರಿಂದ ಅಳೆದರು? ಶೇರಿನ ಬೆಲೆಯನ್ನು ಯಂತ್ರ ಬರೆದುಕೊಳ್ಳುತ್ತದೆ. ಹೆರಿಗೆ ಕೋಣೆಯಲ್ಲಿ ಹಾಗಲ್ಲ.

ಪ್ರಶ್ನೆ (ಸ್ಟಾಫ್ ನರ್ಸ್, ತಾಲ್ಲೂಕು ಆಸ್ಪತ್ರೆ):
ಮೇಡಂ, ಕೊನೆಯ ಸಾಲು ನನಗೇ ತಾಗಿತು. ಹೆರಿಗೆಯಲ್ಲಿ ಎಷ್ಟು ರಕ್ತ ಹೋಯಿತು ಅಂತ ನಾವು ಪ್ಯಾಡು, ಮ್ಯಾಕಿಂತಾಶ್ (ಹಾಸಿಗೆಯ ರಬ್ಬರ್ ಹಾಳೆ) ನೋಡಿ "200 ಎಂ.ಎಲ್." ಅಂತ ಕೇಸ್ ಶೀಟಿನಲ್ಲಿ ಬರೆದುಬಿಡುತ್ತೇವೆ. ಅಷ್ಟೊಂದು ವ್ಯತ್ಯಾಸ ಬರುತ್ತಾ?

ಉತ್ತರ:
ಬರುತ್ತದೆ ಸಿಸ್ಟರ್. ಇದನ್ನು ಅಳೆದು ತೋರಿಸಿದ್ದು ನಮ್ಮ ಬೆಳಗಾವಿಯಲ್ಲೇ, ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ. ಮಗು ಹುಟ್ಟಿದ ತಕ್ಷಣ ಸೊಂಟದ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಅದರ ತುದಿ ಆಲಿಕೆಯಂತೆ ಇಳಿದು ಚೀಲವಾಗುತ್ತದೆ, ಚೀಲದ ಮೇಲೆ ಗೆರೆ ಹಾಕಿರುತ್ತದೆ. ಹಾಲಿನ ಅಳತೆಪಾತ್ರೆ ನೋಡಿದಷ್ಟೇ ಸುಲಭ. 2006ರಲ್ಲಿ ಅವರು ಪ್ರಕಟಿಸಿದ ಹೋಲಿಕೆಯಲ್ಲಿ ಕಣ್ಣಳತೆ ಶೇ. 33ರಷ್ಟು ಕಡಿಮೆ ಬಂತು.

ಮೂರರಲ್ಲಿ ಒಂದು ಪಾಲು! ಬ್ಯಾಂಕಿನಲ್ಲಿ ಇಷ್ಟು ತಪ್ಪಿದರೆ ಸಂಜೆಯೇ ಸಸ್ಪೆಂಡ್ ಮಾಡುತ್ತಾರೆ.

ಅದೇ ಚೀಲ ಇದ್ದದ್ದರಿಂದ ಇನ್ನೊಂದು ದೊಡ್ಡ ಕೆಲಸ ಆಯಿತು. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ತಾಯಂದಿರ ಮೇಲೆ ಗರ್ಭಕೋಶ ಬಿಗಿಸಿ ರಕ್ತ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯ ಪರೀಕ್ಷೆ ನಡೆಯಿತು. ಹೆರಿಗೆ ಮಾಡಿಸಿದವರು ಡಾಕ್ಟರಲ್ಲ, ಎಎನ್‌ಎಂ ಅಕ್ಕಂದಿರು, ಅಂದರೆ ಹಳ್ಳಿಗಳ ಸಹಾಯಕ ನರ್ಸುಗಳು. ಅರ್ಧದಷ್ಟು ಜನಕ್ಕೆ 600 ಮೈಕ್ರೋಗ್ರಾಂ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಕೊಟ್ಟವರಿಗೂ ಗೊತ್ತಿಲ್ಲ. 500 ಎಂ.ಎಲ್. ದಾಟಿದ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಕಣ್ಣಳತೆಯನ್ನೇ ನಂಬಿದ್ದರೆ ಎಷ್ಟೋ ತಾಯಂದಿರು ಆ 500ರ ಗೆರೆಯ ಕೆಳಗೇ ಉಳಿದುಬಿಡುತ್ತಿದ್ದರು, ಅಲ್ವಾ?

ಚೀಲ ಒಂದಿದ್ದರೆ ಸಾಕು ಅಂತಲ್ಲ. 2023ರಲ್ಲಿ ಇ-ಮೋಟಿವ್ ಅನ್ನುವ ಅಧ್ಯಯನ ಬಂತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ ಸುಮಾರು 80 ಆಸ್ಪತ್ರೆ, ಎರಡು ಲಕ್ಷಕ್ಕೂ ಜಾಸ್ತಿ ಹೆರಿಗೆ. ಗೆರೆ ಇರುವ ಚೀಲದಲ್ಲಿ ರಕ್ತ ನೋಡುವುದು, ಮಿತಿ ಮುಟ್ಟಿದ ಕೂಡಲೇ ಗರ್ಭಕೋಶ ತಿಕ್ಕುವುದು, ಗರ್ಭಕೋಶ ಬಿಗಿಯುವ ಔಷಧಿ, ರಕ್ತ ನಿಲ್ಲಿಸಲು ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ಪರೀಕ್ಷೆ. ಒಂದಾದ ಮೇಲೆ ಒಂದಲ್ಲ, ಎಲ್ಲಾ ಒಟ್ಟಿಗೆ. ಅಲ್ಲಿ ಪಿಪಿಎಚ್ (ಹೆರಿಗೆಯ ನಂತರದ ಅತಿ ರಕ್ತಸ್ರಾವ) ಶೇ. 93ರಷ್ಟು ಕೇಸುಗಳಲ್ಲಿ ಸಿಕ್ಕಿಬಿತ್ತು. ಹಳೆಯ ಪದ್ಧತಿಯಲ್ಲಿ ಸಿಕ್ಕಿದ್ದು ಶೇ. 51. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು, ಇವೆಲ್ಲ ಸೇರಿ ಶೇ. 4.3 ಇದ್ದದ್ದು 1.6 ಆಯಿತು.

ನಿಮ್ಮಲ್ಲೇ ಒಂದು ಆಟ ಆಡಿ ನೋಡಿ. ಕೆಂಪು ಬಣ್ಣದ ನೀರನ್ನು ಸರಿಯಾಗಿ 500 ಎಂ.ಎಲ್. ಅಳೆದು ಮ್ಯಾಕಿಂತಾಶ್, ಬಟ್ಟೆ, ಪ್ಯಾಡಿನ ಮೇಲೆ ಸುರಿಯಿರಿ. ಎಷ್ಟು ಅಂತ ಎಲ್ಲರನ್ನೂ ಕೇಳಿ.

ಪ್ರಶ್ನೆ (ಬ್ಯಾಂಕ್ ಉದ್ಯೋಗಿ, ಹಾಸನ):
ಸಸ್ಪೆಂಡ್ ಮಾತಿಗೆ ನಗು ಬಂತು ಮೇಡಂ! ಆದರೆ ಈ ಕಥೆಯಲ್ಲಿ ನಮ್ಮ ದುಡ್ಡಿನ ಪಾಲು ಎಲ್ಲಿ?

ಉತ್ತರ:
ಇದೆ ಸರ್, ಜನನಿ ಸುರಕ್ಷಾ ಯೋಜನೆ. 2005ರಲ್ಲಿ ಶುರುವಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ತಾಯಿಗೆ ನಗದು. ಹಿಂದುಳಿದ ರಾಜ್ಯಗಳ ಹಳ್ಳಿಯಲ್ಲಿ 1400 ರೂಪಾಯಿ, ನಮ್ಮಂಥ ರಾಜ್ಯಗಳ ಹಳ್ಳಿಯ ಬಡ ತಾಯಿಗೆ 700. 2010ರಲ್ಲಿ ಬಂದ ಮೊದಲ ದೊಡ್ಡ ವಿಶ್ಲೇಷಣೆಯಲ್ಲಿ ಆಸ್ಪತ್ರೆ ಹೆರಿಗೆ ಏರಿತ್ತು, ಎಳೆಗೂಸುಗಳ ಸಾವೂ ಇಳಿದಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು. 2015ರಲ್ಲಿ ಬೇರೆ ಸಂಶೋಧಕರು ಬೇರೆ ವಿಧಾನದಲ್ಲಿ ಲೆಕ್ಕ ಹಾಕಿದಾಗ ಹೆರಿಗೆ ಏರಿದ್ದು ಮತ್ತೆ ಕಂಡಿತು. ಆದರೆ ಎಳೆಗೂಸುಗಳ ಸಾವು ಇಳಿದದ್ದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ನನ್ನ ಓದು ಹೀಗೆ: ದುಡ್ಡು ತಾಯಿಯನ್ನು ಆಸ್ಪತ್ರೆಯ ಬಾಗಿಲವರೆಗೆ ತಂದಿತು. ಒಳಗೆ ಏನು ನಡೆಯಬೇಕೋ ಅದು 700 ರೂಪಾಯಿಯ ಕೆಲಸವಲ್ಲ.

ನಿಮ್ಮ ಭಾಷೆಯಲ್ಲೇ ಇನ್ನೊಂದು ಲೆಕ್ಕ. ಬೆಳಗಾವಿಯ ಮಾತ್ರೆಯಿಂದ ಪಿಪಿಎಚ್ "ಶೇ. 47 ಇಳಿಯಿತು" ಅಂದರೂ ಸರಿ, "18 ತಾಯಂದಿರಿಗೆ ಕೊಟ್ಟರೆ ಒಬ್ಬರದ್ದು ತಪ್ಪುತ್ತದೆ" ಅಂದರೂ ಸರಿ. ಮಾತ್ರೆ ಖರೀದಿಸುವವರಿಗೆ ಬೇಕಾಗುವುದು ಎರಡನೆಯದು.

ಮತ್ತೆ ವಿದ್ಯಾರ್ಥಿನಿ:
ಹಾಗಾದ್ರೆ ಯಾವುದು ತಗೊಳ್ಳಲಿ ಮೇಡಂ? ಅಪ್ಪನಿಗೆ ಏನು ಹೇಳಲಿ?

ಉತ್ತರ:
ಅಪ್ಪನ ಮಾತನ್ನು ಸುಮ್ನೆ ತಳ್ಳಿಹಾಕಬೇಡಮ್ಮ. ಸಂಭವನೀಯತೆ, ಡೇಟಾ ವಿಶ್ಲೇಷಣೆ, ಒಂದು ಪ್ರೋಗ್ರಾಮಿಂಗ್ ಭಾಷೆ, ಇವು ಗಟ್ಟಿಯಾಗಿದ್ದರೆ ಬ್ಯಾಂಕೂ ಕರೆಯುತ್ತದೆ, ಆಸ್ಪತ್ರೆಯೂ ಕರೆಯುತ್ತದೆ. ಆದರೆ ಗೈಡ್ ಆರಿಸುವಾಗ ನೋಡು, ಡೇಟಾ ಹುಟ್ಟುವ ಜಾಗಕ್ಕೆ ನಿನ್ನನ್ನು ಕಳಿಸುವವರು ಯಾರು ಅಂತ. ನಾನು ಶುರುವಿನಲ್ಲಿ ಎರಡು ವರ್ಷ ಬರೀ ಕಂಪ್ಯೂಟರ್ ಮುಂದೆ ಕೂತಿದ್ದೆ. ಒಂದು ಫೈಲಿನಲ್ಲಿ ರಕ್ತಸ್ರಾವದ ಸಂಖ್ಯೆಗಳೆಲ್ಲ 200, 250, 300. ನಡುವೆ 217 ಅಂತಲೋ 263 ಅಂತಲೋ ಒಂದೂ ಇಲ್ಲ. ಅದು ಯಾಕೆ ಅಂತ ಕೇಳಬೇಕು ಅನ್ನುವುದೇ ನನಗೆ ಹೊಳೆದಿರಲಿಲ್ಲ.

ಸ್ಟಾಫ್ ನರ್ಸ್:
ಮೇಡಂ, ಇವತ್ತು ನೈಟ್ ಡ್ಯೂಟಿಯಲ್ಲಿ ಬಣ್ಣದ ನೀರು ಸುರಿದು ನೋಡಿದೆವು. ಹಾಕಿದ್ದು ಸರಿಯಾಗಿ 500. ಡಾಕ್ಟರ್ 300 ಅಂದರು. ಇನ್ನೊಬ್ಬ ಸಿಸ್ಟರ್ 250. ನಮ್ಮ ಆಯಾ ಮಾತ್ರ 450 ಅಂದರು. "ದಿನಾ ಆ ಬಟ್ಟೆ ಹಿಂಡೋಳು ನಾನಲ್ವಾ" ಅಂತ.