ಡಿಲೂಕ್ ತಲೆಗೆ ಯಾವ ಸರ್ಕ್ಲೆಟ್?

ಪ್ರಶ್ನೆ: ಅಕ್ಕ, ನಮಸ್ಕಾರ. ಮುಳಬಾಗಿಲಿನಿಂದ ಕೇಳುತ್ತಿದ್ದೇನೆ. ನೀವು ಗೇಮ್ ಸ್ಟುಡಿಯೋದಲ್ಲಿ ಡ್ಯಾಮೇಜ್ ಲೆಕ್ಕ ನೋಡುವವರು ಅಂತ ಗುಂಪಿನಲ್ಲಿ ಹೇಳಿದರು. ಗೆನ್‌ಶಿನ್ ಇಂಪ್ಯಾಕ್ಟ್ ಗೇಮ್‌ನಲ್ಲಿ ನನ್ನ ಪಾತ್ರ ಡಿಲೂಕ್‌ಗೆ ಮೂರು ಐದು ಸ್ಟಾರ್ ಸರ್ಕ್ಲೆಟ್ (ತಲೆಗೆ ಹಾಕುವ, ಬಲ ಹೆಚ್ಚಿಸುವ ಆರ್ಟಿಫ್ಯಾಕ್ಟ್) ಸಿಕ್ಕಿವೆ. ಒಂದು ಕ್ರಿಟ್ ರೇಟ್ (ದೊಡ್ಡ ಹೊಡೆತ ಬೀಳುವ ಸಾಧ್ಯತೆ), ಒಂದು ಕ್ರಿಟ್ ಡ್ಯಾಮೇಜ್ (ಆ ಹೊಡೆತ ಎಷ್ಟು ಹೆಚ್ಚು ಅನ್ನೋದು), ಇನ್ನೊಂದು ಅಟ್ಯಾಕ್ (ಹೊಡೆತದ ಬಲ). ಸರ್ಕ್ಲೆಟ್ ತೆಗೆದರೆ ಅವನ ಕ್ರಿಟ್ ರೇಟ್ 36%, ಕ್ರಿಟ್ ಡ್ಯಾಮೇಜ್ 120%, ಬೇಸ್ ಅಟ್ಯಾಕ್ (ಪಾತ್ರ ಮತ್ತು ಆಯುಧದ ಮೂಲ ಬಲ) 900, ಒಟ್ಟು ಅಟ್ಯಾಕ್ 2000. ಯಾವುದರ ಲೆವೆಲ್ ಏರಿಸಲಿ? ಡ್ಯಾಮೇಜ್ ಸರ್ಕ್ಲೆಟ್ ಹಾಕಿದರೆ ಒಳ್ಳೇ ದೊಡ್ಡ ನಂಬರ್ ಬರುತ್ತದೆ. ಮನಸ್ಸು ಅದರ ಮೇಲೇ ಇದೆ.

ಉತ್ತರ: ರೇಟ್ ಸರ್ಕ್ಲೆಟ್ ಏರಿಸಿ ತಮ್ಮಾ.

ನಮ್ಮ ಅಪ್ಪ ಕೋಲಾರದ ಮಂಡಿಗೆ ಟೊಮೆಟೊ ಹಾಕುತ್ತಿದ್ದರು. ದರ ಎಷ್ಟೇ ಏರಿದರೂ ತೋಟದಲ್ಲಿ ಹತ್ತೇ ಬಾಕ್ಸ್ ಆದರೆ ಕೈಗೆ ಬರುವುದೆಷ್ಟು? ಕ್ರಿಟ್ ಡ್ಯಾಮೇಜ್ ಅಂದರೆ ದರ, ಕ್ರಿಟ್ ರೇಟ್ ಅಂದರೆ ಬಾಕ್ಸ್. ಎರಡನ್ನೂ ಗುಣಿಸಬೇಕು. ನಿಮ್ಮಲ್ಲಿ ದರ ಚೆನ್ನಾಗಿದೆ, ಬಾಕ್ಸ್ ಕಡಿಮೆ.

20ನೇ ಲೆವೆಲ್‌ನಲ್ಲಿ ರೇಟ್ ಸರ್ಕ್ಲೆಟ್ 31.1% ಕೊಡುತ್ತದೆ, ಡ್ಯಾಮೇಜ್‌ದು 62.2%, ಅಟ್ಯಾಕ್‌ದು 46.6%. ಸರ್ಕ್ಲೆಟ್ ಇಲ್ಲದೆ ನಿಮ್ಮ ಸರಾಸರಿ ಹೊಡೆತ 1 + 0.36 × 1.2, ಅಂದರೆ 1.432. ರೇಟ್ ಹಾಕಿದರೆ 1.805 ಆಗುತ್ತದೆ. ಡ್ಯಾಮೇಜ್ ಹಾಕಿದರೆ 1.656 ಅಷ್ಟೇ. ಮೊದಲನೆಯದು 26% ಜಾಸ್ತಿ, ಎರಡನೆಯದು 16%. ನೀವು ನೋಡಿದ ದೊಡ್ಡ ನಂಬರ್ ನಿಜವೇ, ಆದರೆ ಹತ್ತು ಹೊಡೆತದಲ್ಲಿ ಆರು ಸಲ ಅದು ಬರುವುದೇ ಇಲ್ಲ.

ಅಟ್ಯಾಕ್ ಸರ್ಕ್ಲೆಟ್ ಬೇಸ್ ಅಟ್ಯಾಕ್ ಮೇಲೆ ಮಾತ್ರ ಲೆಕ್ಕ. 900ಕ್ಕೆ 46.6% ಅಂದರೆ 419. ಅದು 2000ಕ್ಕೆ ಸೇರಿದರೆ 21% ಏರಿಕೆ. ಸುಮಾರು ಜನ ಇದನ್ನು ನೋಡದೇ ಬಿಸಾಕುತ್ತಾರೆ, ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ನಿಮ್ಮ ಈಗಿನ ಸ್ಥಿತಿಯಲ್ಲಿ ಅದು ಡ್ಯಾಮೇಜ್ ಸರ್ಕ್ಲೆಟ್‌ಗಿಂತ ಮೇಲು!

ಪ್ರಶ್ನೆ: ಅಯ್ಯೋ, ಇದು ಗೊತ್ತೇ ಇರಲಿಲ್ಲ. ಆದರೆ ನನ್ನ ಟೀಮ್‌ನಲ್ಲಿ ಸಹಾಯಕ ಪಾತ್ರ ಬೆನೆಟ್ ಇದ್ದಾನೆ ಅಕ್ಕ. ಆಗಲೂ ಇದೇ ಲೆಕ್ಕನಾ?

ಉತ್ತರ: ಒಳ್ಳೇದಾಯಿತು ಹೇಳಿದ್ದು. ಬೆನೆಟ್ ತನ್ನ ಬರ್ಸ್ಟ್‌ನಲ್ಲಿ (ವಿಶೇಷ ಶಕ್ತಿ) ತನ್ನದೇ ಬೇಸ್ ಅಟ್ಯಾಕ್‌ನಿಂದ ಡಿಲೂಕ್‌ಗೆ ಅಟ್ಯಾಕ್ ಕೊಡುತ್ತಾನೆ. 1000 ಕೊಟ್ಟ ಅಂತ ಇಟ್ಟುಕೊಳ್ಳಿ. ಒಟ್ಟು 3000 ಆಯಿತು. ಅದರ ಮುಂದೆ ಅದೇ 419 ಬರೀ 14%. ಈಗ ಅಟ್ಯಾಕ್ ಸರ್ಕ್ಲೆಟ್ ಕೊನೆಗೆ ಹೋಯಿತು. ರೇಟ್ ಮಾತ್ರ ಮೇಲೇ ಉಳಿಯುತ್ತದೆ.

ಇನ್ನೊಬ್ಬರ ಪ್ರಶ್ನೆ: ಗಾಬ್ಲೆಟ್‌ಗೂ (ಬಟ್ಟಲಿನ ಆರ್ಟಿಫ್ಯಾಕ್ಟ್) ಹೀಗೇ ನೋಡಬೇಕಾ ಮೇಡಂ?

ಉತ್ತರ: ಹೌದು, ಅಲ್ಲಿ ಇನ್ನೂ ಸುಲಭ. ಪೈರೋ, ಅಂದರೆ ಡಿಲೂಕ್‌ನ ಬೆಂಕಿ ಡ್ಯಾಮೇಜ್ ಏರಿಸುವ ಗಾಬ್ಲೆಟ್‌ನ 46.6% ಬೇರೆಯೇ ಗುಣಕ. ಕ್ರಿಮ್ಸನ್ ವಿಚ್ ಸೆಟ್‌ನ ಎರಡು ಪೀಸ್ ಹಾಕಿ ಸಿಗುವ 15% ಪೈರೋ ಡ್ಯಾಮೇಜ್ ಮೊದಲೇ ಇದ್ದರೂ 1.15 ಇದ್ದದ್ದು 1.616 ಆಗುತ್ತದೆ, 40% ಏರಿಕೆ. ಅಟ್ಯಾಕ್ ಗಾಬ್ಲೆಟ್ ಅದರ ಹತ್ತಿರಕ್ಕೂ ಬರುವುದಿಲ್ಲ.

ಮುಳಬಾಗಿಲಿನ ತಮ್ಮಾ, ಆ ಡ್ಯಾಮೇಜ್ ಸರ್ಕ್ಲೆಟ್ ಇರಲಿ, ಬೇರೆ ಆರ್ಟಿಫ್ಯಾಕ್ಟ್‌ನ ಲೆವೆಲ್ ಏರಿಸಲು ತಿನ್ನಿಸಬೇಡಿ. ಆರ್ಟಿಫ್ಯಾಕ್ಟ್ ಸಿಗುವ ಡೊಮೇನ್‌ಗೆ ಒಂದು ಸಲಕ್ಕೆ 20 ರೆಸಿನ್ (ಆಟದಲ್ಲಿ ನಿಧಾನಕ್ಕೆ ತುಂಬುವ ಶಕ್ತಿ) ಬೇಕು, ಅದು ಮತ್ತೆ ತುಂಬಲು 2 ಗಂಟೆ 40 ನಿಮಿಷ ಬೇಕು. ಸುಮ್ನೆ ಕಳೆದುಕೊಳ್ಳುವ ವಸ್ತುವಲ್ಲ. ಮುಂದೆ ಸಬ್‌ಸ್ಟ್ಯಾಟ್‌ಗಳಿಂದ (ಆರ್ಟಿಫ್ಯಾಕ್ಟ್‌ನ ಉಪ ಅಂಕಿಗಳು) ರೇಟ್ ಏರುತ್ತದಲ್ವಾ, ಆಗ ಸರ್ಕ್ಲೆಟ್ ತೆಗೆದು ನೋಡಿ. ಕ್ರಿಟ್ ಡ್ಯಾಮೇಜ್, ಕ್ರಿಟ್ ರೇಟ್‌ನ ಎರಡರಷ್ಟಕ್ಕಿಂತ ಕೆಳಗಿಳಿದ ದಿನ ಆ ಡ್ಯಾಮೇಜ್ ಸರ್ಕ್ಲೆಟ್‌ನ್ನೇ ಹಾಕಿ.