ಮಾರ್ಕ್ಸ್ ಕೊಡುವುದಾದರೆ ಹೊಲಿಗೆಗೆ ಕೊಡಿ

ಗುಂಪು: ಮನೆ ಮಂದಿ, ದಾವಣಗೆರೆ

ಹರಿಹರ ಮಾವ: (ಫಾರ್ವರ್ಡ್ ವಿಡಿಯೊ) "ಆಸ್ಕರ್ ರೆಡ್ ಕಾರ್ಪೆಟ್! ಯಾರು ಸೂಪರ್, ಯಾರು ಡಬ್ಬಾ? ಹತ್ತಕ್ಕೆ ಎಷ್ಟು ಕೊಡುತ್ತೀರಿ?"

ಹರಿಹರ ಮಾವ: ವಾಕಿಂಗ್ ಗುಂಪಿನಲ್ಲಿ ಬಂತು. ಹಳೇದು ಹೊಸದು ಎಲ್ಲ ಸೇರಿಸಿದ್ದಾರೆ. ಜೂನಿಯರ್ ಎನ್‌ಟಿಆರ್‌ಗೆ ನನ್ನದು ಹತ್ತಕ್ಕೆ ಹತ್ತು. ಅವರಮ್ಮ ಕುಂದಾಪುರದವರು, ಗೊತ್ತಲ್ಲ. ದೀಪಿಕಾ ಪಡುಕೋಣೆಗೆ ನಾಲ್ಕು. ನಮ್ಮ ಬೆಂಗಳೂರಲ್ಲಿ ಬೆಳೆದ ಹುಡುಗಿ, ಅಷ್ಟು ದೊಡ್ಡ ವೇದಿಕೆ, ಒಂದು ಸೀರೆ ಉಡಬಾರದಿತ್ತಾ? ಭುಜ ಪೂರ್ತಿ ಬಿಟ್ಟುಕೊಂಡು ಕಪ್ಪು ಗೌನು ಹಾಕಿದ್ದಾಳೆ.

ದುರ್ಗದ ಚಿಕ್ಕಮ್ಮ: ಅಣ್ಣ, ನಾನು ಎಂಟು ಕೊಡುತ್ತೇನೆ. ಆ ಉದ್ದನೆ ಕೈಗವಸು ಎಷ್ಟು ಚೆನ್ನಾಗಿದೆ. ಆದರೆ ತುಂಬಾ ಸಣ್ಣ ಆಗಿದ್ದಾಳೆ, ಕುತ್ತಿಗೆ ಮೂಳೆ ಎಣಿಸಬಹುದು. ಸ್ವಲ್ಪ ತಿನ್ನಬಾರದಾ? ಮೈಗೆ ಹಂಸ ಸುತ್ತಿಕೊಂಡಿದ್ದಾಳಲ್ಲ, ಅವಳಿಗೆ ಸೊನ್ನೆ.

ಪುಟ್ಟಿ: ಅಮ್ಮಾ, ಮೂಳೆಗೆ ಯಾಕೆ ಮಾರ್ಕ್ಸ್? ಮತ್ತೆ ಆ ಹಂಸದ ಡ್ರೆಸ್ ಹಾಕಿದ್ದು ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್, 2001ರಲ್ಲಿ. ಆಗಲೂ ಎಲ್ಲರೂ ನಕ್ಕಿದ್ದರು. 2015ರಲ್ಲಿ ಅದೇ ಡ್ರೆಸ್ಸನ್ನು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು.

ಹರಿಹರ ಮಾವ: ಮ್ಯೂಸಿಯಂನಲ್ಲಿ ಏನು ಬೇಕಾದರೂ ಇಡುತ್ತಾರೆ ಪುಟ್ಟಿ. ಕಾರ್ಪೆಟ್ ಮೇಲೆ ನಡೆಯುವುದೇ ಜನ ನೋಡಲಿ ಅಂತ. ನೋಡಿದವರು ಮಾತಾಡಬಾರದಾ?

ನಾನು: ಮಾವ, ಅಂಗಡಿಯಲ್ಲಿ ಸೀರೆಗೆ ಫಾಲ್ ಹಾಕುತ್ತಾ ಕೂತಿದ್ದೆ, ಈಗ ವಿಡಿಯೊ ನೋಡಿದೆ. ನೋಡಬೇಡಿ ಅಂತ ನಾನು ಯಾವತ್ತೂ ಹೇಳಲ್ಲ. ಆಸ್ಕರ್‌ಗೆ 1961ರಿಂದ ಕೆಂಪು ಕಾರ್ಪೆಟ್ ಹಾಸುತ್ತಿರುವುದೇ ನೋಡುವುದಕ್ಕೆ. (2023ರಲ್ಲಿ ಮಾತ್ರ ಕೆಂಪು ಬಿಟ್ಟು ಶಾಂಪೇನ್ ಬಣ್ಣದ್ದು ಹಾಸಿದ್ದರು. ದೀಪಿಕಾ ಕಾಲ ಕೆಳಗೆ ನೋಡಿ, ತಿಳಿ ಬಣ್ಣ ಇದೆ.) ಆದರೆ ಮಾರ್ಕ್ಸ್ ಯಾವುದಕ್ಕೆ ಕೊಡುತ್ತಿದ್ದೀರಿ ಅನ್ನುವುದು ನನಗೆ ಮುಖ್ಯ.

ಆ ಗೌನು ದೀಪಿಕಾ ಬೀರುವಿನಿಂದ ತೆಗೆದು ಹಾಕಿಕೊಂಡಿದ್ದಲ್ಲ. ಅದು ಲೂಯಿ ವಿಟಾನ್ ಕಂಪನಿಯದು, ಕತ್ತಿನ ಒಡವೆ ಕಾರ್ಟಿಯೇದು. 2022ರಿಂದ ಅವರು ಆ ಎರಡೂ ಕಂಪನಿಗಳ ರಾಯಭಾರಿ. ಅವತ್ತು ನಾಟು ನಾಟು ಹಾಡನ್ನು ಪರಿಚಯ ಮಾಡಿಕೊಡುವುದಕ್ಕೆ ವೇದಿಕೆ ಹತ್ತಿದರು. ಅಂದರೆ ಅದು ಕೆಲಸದ ಬಟ್ಟೆ. ಇಂಥ ಸಮಾರಂಭದ ಬಟ್ಟೆ, ಒಡವೆ ಹೆಚ್ಚಿನ ಸಲ ಕಂಪನಿಯವರದ್ದೇ, ಮುಗಿದ ಮೇಲೆ ವಾಪಸ್ ಹೋಗುತ್ತವೆ. ಸೀರೆ ಉಡಲ್ಲ ಅಂತಲೂ ಅಲ್ಲ. ಅದೇ 2022ರಲ್ಲಿ ಕಾನ್ ಚಿತ್ರೋತ್ಸವದ ಜ್ಯೂರಿಯಲ್ಲಿ ಕೂತಾಗ ಡಿಸೈನರ್ ಸಬ್ಯಸಾಚಿಯ ಕಪ್ಪು-ಚಿನ್ನದ ಪಟ್ಟೆ ಸೀರೆ ಉಟ್ಟಿದ್ದರು. ಅದಕ್ಕೂ ಆಗ ಜನ ಬೈದಿದ್ದು ನನಗೆ ನೆನಪಿದೆ.

ಬೆಂಗಳೂರು ಅಣ್ಣ: ಅಲ್ಲ ಕಣೇ, ನೀನೇ ಹೇಳಿದ ಹಾಗೆ ಅದು ಜಾಹೀರಾತು ತಾನೇ? ಜಾಹೀರಾತನ್ನು ನಾಲ್ಕು ಜನ ಹೊಗಳುತ್ತಾರೆ, ನಾಲ್ಕು ಜನ ತೆಗಳುತ್ತಾರೆ. ಅವರಿಗೆ ದುಡ್ಡು ಬರುವುದೇ ನಾವು ಮಾತಾಡುವುದರಿಂದ. ದುಡ್ಡು ತಗೊಂಡವರು ಮಾತೂ ತಗೋಬೇಕು.

ನಾನು: ಬಟ್ಟೆ ಬಗ್ಗೆ ಎಷ್ಟು ಬೇಕಾದರೂ ಮಾತಾಡು ಅಣ್ಣ. ನಾನೂ ಮಾತಾಡುತ್ತೇನೆ, ಅದು ನನ್ನ ಹೊಟ್ಟೆಪಾಡು. ಆದರೆ ಈ ಗುಂಪಿನಲ್ಲಿ ಇಲ್ಲಿವರೆಗೆ ಬಂದಿದ್ದು ಏನು? ಭುಜ, ಕುತ್ತಿಗೆ ಮೂಳೆ, ಸಣ್ಣ, ದಪ್ಪ. ಬಟ್ಟೆ ಹೇಗೆ ಮಾಡಿದ್ದಾರೆ ಅಂತ ಒಬ್ಬರೂ ಬರೆದಿಲ್ಲ.

ಆ ಗೌನನ್ನೇ ತಗೋ. ಭುಜದ ಮೇಲೆ ಪಟ್ಟಿ ಇಲ್ಲ. ಹಾಗಿದ್ದರೆ ಅಷ್ಟು ಭಾರದ ಬಟ್ಟೆ ಯಾವುದರ ಮೇಲೆ ನಿಲ್ಲುತ್ತದೆ? ಎಲ್ಲರೂ ಎದೆ ಮೇಲೆ ಅಂದುಕೊಳ್ಳುತ್ತಾರೆ. ನಿಲ್ಲುವುದು ಸೊಂಟದ ಮೇಲೆ. ಇಂಥ ಗೌನಿನ ಒಳಗೆ ಇನ್ನೊಂದು ಬಿಗಿ ಒಳಕುಪ್ಪಸ ಹೊಲಿದಿರುತ್ತಾರೆ. ಅದರಲ್ಲಿ ಮೇಲಿಂದ ಕೆಳಗೆ ಸಣ್ಣ ಸಣ್ಣ ಕಡ್ಡಿ ಸೇರಿಸಿರುತ್ತಾರೆ, ಬಗ್ಗುತ್ತದೆ ಆದರೆ ಮಡಚಿಕೊಳ್ಳಲ್ಲ. ಸೊಂಟದ ಹತ್ತಿರ ಒಂದು ಗಟ್ಟಿ ಟೇಪ್ ಇರುತ್ತದೆ. ಮೊದಲು ಆ ಟೇಪಿನ ಹುಕ್ಕು ಹಾಕಬೇಕು, ಆಮೇಲೆ ಹೊರಗಿನ ಜಿಪ್ಪು. ಆಗ ಪೂರ್ತಿ ಭಾರ ಸೊಂಟ ಹೊರುತ್ತದೆ, ಮೇಲಿನ ಭಾಗ ಅಲ್ಲಾಡದೆ ನಿಲ್ಲುತ್ತದೆ. ಟೇಪ್ ಇಲ್ಲದ ರೆಡಿಮೇಡ್ ಗೌನು ಹಾಕಿದವರನ್ನು ನೋಡು, ಐದು ನಿಮಿಷಕ್ಕೊಂದು ಸಲ ಎರಡೂ ಕಡೆಯಿಂದ ಮೇಲಕ್ಕೆ ಎಳೆದುಕೊಳ್ಳುತ್ತಿರುತ್ತಾರೆ. ದೀಪಿಕಾ ವೇದಿಕೆ ಮೇಲೆ ನಿಂತು ಮಾತಾಡುವುದನ್ನು ಇನ್ನೊಮ್ಮೆ ಹಾಕಿ ನೋಡು. ಒಂದು ಸಲವೂ ಕೈ ಆ ಕಡೆ ಹೋಗಲ್ಲ. ಮಾರ್ಕ್ಸ್ ಅದಕ್ಕೆ ಕೊಡು. ಕತ್ತರಿಸಿದವರಿಗೆ, ಹೊಲಿದವರಿಗೆ ಕೊಡು.

ಹರಿಹರ ಮಾವ: ಇದೆಲ್ಲ ನಮಗೆ ಹೇಗೆ ಗೊತ್ತಾಗಬೇಕವ್ವ? ನಾವೇನು ಟೈಲರಾ?

ನಾನು: ಮಾವ, ನೀವು ಅಷ್ಟು ವರ್ಷ ಲೇತ್ ಮುಂದೆ ನಿಂತವರು. ಒಂದು ಬಿಡಿಭಾಗ ಕೈಗೆ ಕೊಟ್ಟರೆ ತಿರುಗಿಸಿ ನೋಡಿ ಫಿನಿಶಿಂಗ್ ಹೇಗಿದೆ ಅಂತ ಹೇಳುತ್ತೀರಿ. ಅದನ್ನು ಮಾಡಿದ ಆಪರೇಟರ್ ದಪ್ಪನೋ ಸಣ್ಣನೋ ಅಂತ ಹೇಳಲ್ಲ.

ನೀವು ಹತ್ತು ಕೊಟ್ಟ ಎನ್‌ಟಿಆರ್ ಬಂದ್‌ಗಲಾ (ಕತ್ತು ಮುಚ್ಚುವ ಕೋಟು) ಕೂಡ ನೋಡಿ. ಮಾಡಿದ್ದು ಡಿಸೈನರ್ ಗೌರವ್ ಗುಪ್ತಾ. ಭುಜದ ಮೇಲೆ ಚಿನ್ನದ ಬಣ್ಣದ ಹುಲಿಯ ಕಸೂತಿ. ಭುಜ ಅಂದರೆ ಕಸೂತಿಗೆ ಕಷ್ಟದ ಜಾಗ, ಅಲ್ಲಿ ಹೊಲಿಗೆ ಸೇರುತ್ತದೆ, ತೋಳು ಎತ್ತಿದರೆ ಬಟ್ಟೆ ಎಳೆಯುತ್ತದೆ. ನನ್ನಿಂದಲೂ ಹತ್ತಕ್ಕೆ ಹತ್ತು. ಆದರೆ ಒಂದು ಗಮನಿಸಿ. ಅವರ ಹೊಟ್ಟೆ, ಕತ್ತು, ತೂಕದ ಬಗ್ಗೆ ಇಲ್ಲಿ ಯಾರೂ ಒಂದು ಅಕ್ಷರ ಬರೆದಿಲ್ಲ. 2014ರಲ್ಲಿ ಸ್ಕ್ರೀನ್ ಆಕ್ಟರ್ಸ್ ಗಿಲ್ಡ್ ಪ್ರಶಸ್ತಿ ಸಮಾರಂಭದಲ್ಲಿ ಟೀವಿ ಕ್ಯಾಮೆರಾ ನಟಿ ಕೇಟ್ ಬ್ಲಾಂಚೆಟ್ ಅವರನ್ನು ಕಾಲಿಂದ ತಲೆವರೆಗೆ ನಿಧಾನವಾಗಿ ಸವರಿತು. ಅವರು ಬಗ್ಗಿ ಕ್ಯಾಮೆರಾ ಕಡೆ ನೋಡಿ, ಗಂಡಸರಿಗೂ ಹೀಗೇ ಮಾಡುತ್ತೀರಾ ಅಂತ ಕೇಳಿದರು. ನನಗೂ ಅದೇ ಪ್ರಶ್ನೆ.

ಪುಟ್ಟಿ: ಅಕ್ಕ, ಹಾಲಿವುಡ್ ನಟಿ ಜೆಂಡೇಯಾ ವಿಷಯ ಹೇಳು.

ಪುಟ್ಟಿ: ಇರಲಿ, ನಾನೇ ಹೇಳುತ್ತೇನೆ. ಅಣ್ಣ, ದುಡ್ಡು ತಗೊಂಡವರು ಮಾತೂ ತಗೋಬೇಕು ಅಂದೆಯಲ್ಲ. 2015ರ ಆಸ್ಕರ್‌ಗೆ ಜೆಂಡೇಯಾ ಡ್ರೆಡ್‌ಲಾಕ್ಸ್ (ಹಗ್ಗದ ಹಾಗೆ ಎಳೆ ಎಳೆಯಾಗಿ ಹೊಸೆದ ಕೂದಲು) ಹಾಕಿಕೊಂಡು ಬಂದಿದ್ದಳು. ಆಗ ಅವಳಿಗೆ 18 ವರ್ಷ. ಫ್ಯಾಷನ್ ಪೊಲೀಸ್ ಅಂತ ಒಂದು ಟೀವಿ ಕಾರ್ಯಕ್ರಮ ಇತ್ತು, ಕೆಲಸವೇ ಮಾರ್ಕ್ಸ್ ಕೊಡುವುದು. ಅದರಲ್ಲಿ ಒಬ್ಬರು ಅವಳ ಕೂದಲು ಗಾಂಜಾ ವಾಸನೆ ಬರುವ ಹಾಗಿದೆ ಅಂದರು. ಕರಿಯರ ಕೂದಲಿನ ಬಗ್ಗೆ ಹಾಗೆ ಹೇಳುವುದು ಎಂಥ ಅವಮಾನ ಅಂತ ಜೆಂಡೇಯಾ ಬರೆದಳು. ಹಾಗೆ ಅಂದವರು ಟೀವಿಯಲ್ಲೇ ಕ್ಷಮೆ ಕೇಳಬೇಕಾಯಿತು. ಅವಳು ಹಾಕಿದ್ದ ಬಿಳಿ ಡ್ರೆಸ್ ಬಗ್ಗೆ ಮಾತಾಡಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ.

ಬೆಂಗಳೂರು ಅಣ್ಣ: ಅದು ತಪ್ಪೇ, ಒಪ್ಪಿದೆ. ಹಾಗಾದರೆ ಹೆಣ್ಣುಮಕ್ಕಳ ಬಟ್ಟೆ ಬಗ್ಗೆ ಕೇಳುವುದನ್ನೇ ನಿಲ್ಲಿಸಿ ಅಂತ ಒಂದು ಅಭಿಯಾನ ನಡೆದಿತ್ತಲ್ಲ, ಅದನ್ನೇ ನೀವೂ ಹೇಳುತ್ತಿರುವುದಾ?

ನಾನು: ಅದು ಆಸ್ಕ್ ಹರ್ ಮೋರ್. 2015ರ ಆಸ್ಕರ್ ಸಮಯದಲ್ಲಿ ನಟಿ ರೀಸ್ ವಿದರ್ಸ್ಪೂನ್ ಕೂಡ ಅದರ ಪರ ಮಾತಾಡಿದ್ದರು. ನಟಿಯರ ಕೆಲಸದ ಬಗ್ಗೆಯೂ ಕೇಳಿ ಅನ್ನುವುದು ಅವರ ಮಾತು, ಸರಿಯಾದ ಮಾತು. ಆದರೆ ಅದನ್ನು ಹಿಡಿದುಕೊಂಡು ಕೆಲವರು ಬಟ್ಟೆ ಅಂದರೆ ಹಗುರ ವಿಷಯ, ಅದನ್ನು ಎತ್ತಲೇಬಾರದು ಅನ್ನುತ್ತಾರೆ. ಅದಕ್ಕೆ ನಾನು ಒಪ್ಪಲ್ಲ. ಬಟ್ಟೆ ಹಗುರ ವಿಷಯ ಆಗಿದ್ದರೆ ಭಾರತಕ್ಕೆ ಮೊದಲ ಆಸ್ಕರ್ ಯಾವುದಕ್ಕೆ ಬಂತು ಹೇಳು?

ಬಟ್ಟೆಗೇ ಬಂದಿದ್ದು. 1983ರ ಸಮಾರಂಭದಲ್ಲಿ, ಗಾಂಧಿ ಸಿನಿಮಾದ ಉಡುಪಿಗೆ. ತಗೊಂಡವರು ಭಾನು ಅಥೈಯಾ, ಕೊಲ್ಹಾಪುರದ ಹೆಣ್ಣುಮಗಳು, ಬ್ರಿಟನ್ನಿನ ಉಡುಪು ವಿನ್ಯಾಸಕ ಜಾನ್ ಮೋಲೋ ಜೊತೆ ಹಂಚಿಕೊಂಡರು. ಸಾವಿರಾರು ಜನ ಇರುವ ಸಿನಿಮಾ ಅದು. ಯಾರ ಪಂಚೆ ಎಷ್ಟು ಮಾಸಿರಬೇಕು, ಯಾರಿಗೆ ಖಾದಿ, ಯಾರಿಗೆ ಮಿಲ್ಲಿನ ಬಟ್ಟೆ, ಎಲ್ಲವನ್ನೂ ಯಾರಾದರೂ ಕೂತು ಯೋಚಿಸಲೇಬೇಕು. ಮಿಲ್ಲಿನ ಬಟ್ಟೆ ಅಂದರೆ ಏನು ಅಂತ ದಾವಣಗೆರೆಯವರಿಗೆ ನಾನು ಹೇಳಬೇಕಾಗಿಲ್ಲ. 2012ರಲ್ಲಿ ಭಾನು ಆ ಪ್ರಶಸ್ತಿಯನ್ನು ಜೋಪಾನವಾಗಿ ಇಡಲಿ ಅಂತ ಆಸ್ಕರ್ ಅಕಾಡೆಮಿಗೇ ವಾಪಸ್ ಕಳಿಸಿದರು. 2020ರಲ್ಲಿ ತೀರಿಕೊಂಡರು. ಮಾವ ಕಳಿಸಿದ ವಿಡಿಯೊದಲ್ಲಿ ಅವರು ಇಲ್ಲವೇ ಇಲ್ಲ. ಕ್ರೆಡಿಟ್ ಕಾರ್ಡ್ ಪೋಣಿಸಿದ ಡ್ರೆಸ್ ಇದೆ. (ಅದನ್ನು ಹಾಕಿದ ಲಿಜ್ಜಿ ಗಾರ್ಡಿನರ್ ಕೂಡ ಅವತ್ತು, 1995ರಲ್ಲಿ, ಉಡುಪಿಗೇ ಆಸ್ಕರ್ ತಗೊಂಡವರು. 254 ಕಾರ್ಡ್. ವಿಡಿಯೊದವರು ಅವರನ್ನೂ ಡಬ್ಬಾ ಅಂತ ಹಾಕಿದ್ದಾರೆ.)

ಮೊಳಕಾಲ್ಮೂರು ಅತ್ತೆ: ಈಗ ಮಗ್ಗದ ಮನೆಯಿಂದ ಬಂದೆ, ಎಲ್ಲ ಓದಿದೆ. ಭಾವ, ಸೀರೆ ಉಡಬೇಕಿತ್ತು ಅಂತೀರಲ್ಲ, ಯಾವ ಸೀರೆ?

ಹರಿಹರ ಮಾವ: ಯಾವುದಾದರೂ ರೇಷ್ಮೆ ಸೀರೆ. ನಮ್ಮ ಕಡೆಯದ್ದೇ ಆದರೆ ಇನ್ನೂ ಒಳ್ಳೆಯದು. ನಿಮ್ಮ ಮೊಳಕಾಲ್ಮೂರು ಸೀರೆಯೇ ಉಡಲಿ.

ಮೊಳಕಾಲ್ಮೂರು ಅತ್ತೆ: ಬಾಯಿ ಮಾತಿಗೆ ಎಲ್ಲರೂ ಹಾಗೇ ಅನ್ನುತ್ತಾರೆ. ನಮ್ಮ ಸೀರೆಗೆ 2011ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು) ಬಂತು. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತೇವೆ. ಅಂಚಿಗೆ ಬೇರೆ ಬಣ್ಣ ಬೇಕು ಅಂದರೆ ಒಡಲಿಗೆ ಒಂದು ಲಾಳಿ, ಎರಡು ಅಂಚಿಗೆ ಎರಡು ಲಾಳಿ. ಎರಡು ಬಣ್ಣ ಸೇರುವ ಕಡೆ ಎಳೆಗೆ ಎಳೆ ಸಿಕ್ಕಿಸುತ್ತಾ ಹೋಗಬೇಕು. ಅಲ್ಲಿ ಎಳೆ ತಪ್ಪಿದರೆ ಅಂಚು ಬಾಯಿ ಬಿಡುತ್ತದೆ. ಅಂಗಡಿಯಲ್ಲಿ ಸೀರೆ ನೋಡುವವರು ಸೆರಗು ಹರಡಿ ನೋಡುತ್ತಾರೆ, ಜರಿ ನೋಡುತ್ತಾರೆ, ಆ ಸೇರುವ ಜಾಗವನ್ನು ತಿರುಗಿಸಿ ನೋಡುವವರು ಕಡಿಮೆ. ನೇಯ್ದವರು ಯಾರು ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ.

ಮೊಳಕಾಲ್ಮೂರು ಅತ್ತೆ: ಮಗಳ ಮದುವೆಗೆ ನೀವು ಸೀರೆ ತಂದಿದ್ದು ಕಂಚಿಯಿಂದ ಭಾವ. ಕಂಚಿ ಸೀರೆ ಚೆನ್ನಾಗಿರುತ್ತದೆ, ನಾನು ಇಲ್ಲ ಅನ್ನಲ್ಲ. ಆದರೆ ದೀಪಿಕಾ ಯಾವ ಸೀರೆ ಉಡಬೇಕು ಅಂತ ಹೇಳುವುದಕ್ಕೆ ಮುಂಚೆ ನಮ್ಮ ಮನೆಯವರು ಯಾವುದು ಉಟ್ಟರು ಅಂತ ನೋಡಬೇಕಲ್ವಾ?

ದುರ್ಗದ ಚಿಕ್ಕಮ್ಮ: ಅತ್ತಿಗೆ ಹೇಳಿದ್ದು ನಿಜ. ಆದರೆ ನನ್ನ ಮೇಲೆ ಯಾಕೆ ಎಲ್ಲರೂ ಬಿದ್ದಿದ್ದೀರಿ? ಸಣ್ಣ ಆಗಿದ್ದಾಳೆ ಅಂದಿದ್ದು ಕಾಳಜಿಯಿಂದ. ದೀಪಿಕಾ ಏನು ನಮ್ಮ ಗುಂಪು ಓದುತ್ತಾಳಾ?

ನಾನು: ದೀಪಿಕಾ ಓದಲ್ಲ ಚಿಕ್ಕಮ್ಮ. ಅದಕ್ಕೇ ಇಷ್ಟು ಹೊತ್ತು ಸುಮ್ಮನಿದ್ದ ಮಾತನ್ನು ಈಗ ಹೇಳುತ್ತೇನೆ. ಹೋದ ತಿಂಗಳು ರಿಸೆಪ್ಷನ್ ಫೋಟೊ ಈ ಗುಂಪಿಗೇ ಬಂತು. ಹೊಸ ಸೊಸೆ ನೀಲಿ ಗೌನು ಹಾಕಿದ್ದಳು. ಬಂದ ಮೆಸೇಜ್ ಮೇಲೆ ಸ್ಕ್ರೋಲ್ ಮಾಡಿ ನೋಡಿ. ತೋಳು ದಪ್ಪ, ಬಣ್ಣ ಸ್ವಲ್ಪ ಕಡಿಮೆ, ಗೌನು ಯಾಕೆ ಬೇಕಿತ್ತು. ಅವಳು ಈ ಗುಂಪಿನಲ್ಲೇ ಇದ್ದಾಳೆ. ಎಲ್ಲ ಓದಿದ್ದಾಳೆ. ಆ ಫೋಟೊವನ್ನೇ ಡಿಪಿ ಇಟ್ಟುಕೊಂಡಿದ್ದಳು, ಮಾರನೇ ದಿನ ತೆಗೆದಳು. ಆಸ್ಕರ್‌ನಲ್ಲಿ ನಡೆಯುವವರಿಗೆ ಸ್ಟೈಲಿಸ್ಟ್ ಇದ್ದಾರೆ, ಮ್ಯಾನೇಜರ್ ಇದ್ದಾರೆ, ಉತ್ತರ ಕೊಡುವುದಕ್ಕೆ ಮೈಕ್ ಇದೆ. ಅವಳಿಗೆ ಇಲ್ಲಿ ಯಾರಿದ್ದರು? ರೆಡ್ ಕಾರ್ಪೆಟ್ ವಿಡಿಯೊ ನೋಡಿ ಕಲಿತ ಮಾತೇ ಮನೆ ಮಕ್ಕಳ ಮೇಲೆ ಬರುತ್ತದೆ. ನನಗೆ ಇದು ತುಂಬಾ ನೋವಾದ ವಿಷಯ, ಅದಕ್ಕೇ ಇಷ್ಟುದ್ದ ಬರೆದೆ.

(ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ.)

ಹರಿಹರ ಮಾವ: ಬಣ್ಣದ ಮಾತು ಬರೆದಿದ್ದು ನಾನು. ಬರೆಯಬಾರದಿತ್ತು. ಮಗಳೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಇನ್ನು ಮುಂದೆ ನನ್ನಿಂದ ಅಂಥದ್ದು ಬರಲ್ಲ. ಆದರೆ ದೊಡ್ಡ ವೇದಿಕೆಗೆ ಸೀರೆಯೇ ಚೆಂದ ಅನ್ನುವುದು ನನ್ನ ಅಭಿಪ್ರಾಯ, ಅದನ್ನು ಬಿಡಲ್ಲ.

ನಾನು: ಅದನ್ನು ಬಿಡಿ ಅಂತ ಯಾರೂ ಹೇಳುತ್ತಿಲ್ಲ ಮಾವ. ಅದು ಬಟ್ಟೆ ಬಗ್ಗೆ ಮಾತು. ಅದರ ಮೇಲೆ ನಾಳೆ ಬೇಕಾದರೂ ವಾದ ಮಾಡೋಣ. ದೀಪಿಕಾ ಗೌನು ಹಾಕಿದ್ದ ಅದೇ ರಾತ್ರಿ ನಿರ್ಮಾಪಕಿ ಗುನೀತ್ ಮೋಂಗಾ ಸೀರೆ ಉಟ್ಟೇ ಆಸ್ಕರ್ ತಗೊಂಡರು, ನಿಮ್ಮ ಪಕ್ಷಕ್ಕೆ ಒಂದು ವೋಟು ಸಿಕ್ಕಿತು ಅಂದುಕೊಳ್ಳಿ.

ದುರ್ಗದ ಚಿಕ್ಕಮ್ಮ: ತೋಳಿನ ಮಾತು ನನ್ನದು. ಸಂಜೆ ಅವಳಿಗೆ ನಾನೇ ಫೋನ್ ಮಾಡುತ್ತೇನೆ. ಇಲ್ಲಿ ಬರೆದರೆ ಸರಿ ಹೋಗಲ್ಲ.

ಹೊಸ ಸೊಸೆ: ಪರವಾಗಿಲ್ಲ ದೊಡ್ಡೋರೇ. ಅಕ್ಕ, ಒಂದು ಕೇಳಲಾ? ಆ ನೀಲಿ ಗೌನು ಅವತ್ತು ಇಡೀ ಸಂಜೆ ಕೆಳಗೆ ಜಾರುತ್ತಿತ್ತು. ಫೋಟೊಗೆ ನಿಂತಾಗೆಲ್ಲ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ನೀವು ಹೇಳಿದ ಆ ಸೊಂಟದ ಟೇಪ್ ಈಗ ಹಾಕಬಹುದಾ?

ನಾನು: ಖಂಡಿತ ಹಾಕಬಹುದು. ಲೈನಿಂಗ್ ಬಿಚ್ಚಿ ನೋಡಬೇಕು, ಪಕ್ಕದ ಹೊಲಿಗೆಯಲ್ಲಿ ಬಟ್ಟೆ ಎಷ್ಟು ಬಿಟ್ಟಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಮಂಗಳವಾರ ಅಂಗಡಿ ರಜೆ, ಬುಧವಾರ ಮಧ್ಯಾಹ್ನದ ಮೇಲೆ ಗೌನು ತಗೊಂಡು ಬಾ. ಅವತ್ತು ಹಾಕಿದ ಚಪ್ಪಲಿಯನ್ನೂ ತಾ, ಉದ್ದ ನೋಡುವುದಕ್ಕೆ ಬೇಕು.